ಊರು ಬಿಟ್ಟವರಿಗೆ ಊರ ಹೆಸರು: ಉತ್ತರ ಕರ್ನಾಟಕದ ಅಡ್ಡಹೆಸರಿನ ಮೂಲ ಹುಡುಕುವ ಬಗೆ

ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಮನೆತನವನ್ನು ಹುಬ್ಬಳ್ಳಿಯವರು ‘ಹುಬ್ಬಳ್ಳಿ’ ಎಂದು ಕರೆಯುವುದಿಲ್ಲ. ಆ ಮನೆಯವರು ರೋಣಕ್ಕೋ ನರಗುಂದಕ್ಕೋ ಹೋಗಿ ನೆಲೆಸಿದರೆ ಅಲ್ಲಿನ ಜನ ‘ಹುಬ್ಬಳ್ಳಿಯವರ ಮನಿ’ ಎಂದು ಗುರುತು ಹಿಡಿಯುತ್ತಾರೆ. ಮೊಮ್ಮಗನನ್ನು ಶಾಲೆಗೆ ಹಚ್ಚುವಾಗ ಮಾಸ್ತರರು ಅದನ್ನೇ ಅಡ್ಡಹೆಸರಾಗಿ ಬರೆದುಕೊಳ್ಳುತ್ತಾರೆ. ಊರಿನ ಹೆಸರುಳ್ಳ ಅಡ್ಡಹೆಸರು ಹುಟ್ಟುವುದು ಆ ಊರು ಬಿಟ್ಟ ಮೇಲೆ, ಬಂದು ಸೇರಿದ ಊರಿನವರ ಬಾಯಲ್ಲಿ. ಇದನ್ನು ಮರೆತು ಹುಡುಕಾಟಕ್ಕೆ ಇಳಿದವರು ನೇರವಾಗಿ ಮೂಲ ಊರಿಗೆ ಹೋಗಿ ತಮ್ಮ ಅಡ್ಡಹೆಸರಿನವರು ಯಾರಿದ್ದಾರೆಂದು ವಿಚಾರಿಸುತ್ತಾರೆ. ಒಬ್ಬರೂ ಸಿಗುವುದಿಲ್ಲ. ಹಿಂದೆ ಉಳಿದ ಅಣ್ಣತಮ್ಮಂದಿರಿಗೆ ಅಲ್ಲಿ ಗೌಡರ, ದೊಡ್ಡಮನಿ, ಅಗಸಿಮನಿ ಎಂದು ಬೇರೆಯದೇ ಹೆಸರು ಇರುತ್ತದೆ.

ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಯಾವಾಗ ಬಂದರು ಎಂಬುದನ್ನು ಈಗಿನ ಊರಿನ ದಾಖಲೆಗಳಲ್ಲಿ ಹುಡುಕಬೇಕು. ಯಾರ ಮನೆಯಿಂದ ಬಂದರು ಎಂಬುದನ್ನು ಮೂಲ ಊರಿನಲ್ಲಿ, ಅಡ್ಡಹೆಸರನ್ನು ಬದಿಗಿಟ್ಟು ಹುಡುಕಬೇಕು.

1. ಹೆಸರು ಯಾವ ಬಗೆಯದೆಂದು ಮೊದಲು ತಿಳಿಯಿರಿ

ಎಲ್ಲ ಅಡ್ಡಹೆಸರೂ ವಲಸೆಯ ಸಾಕ್ಷಿ ಹೇಳುವುದಿಲ್ಲ. ಮುಧೋಳ, ಬಾದಾಮಿ, ನರಗುಂದ, ಸವದತ್ತಿಯಂಥ ಊರ ಹೆಸರುಗಳು ಹೇಳುತ್ತವೆ. ‘ಕರ’ ಸೇರಿದ ಧಾರವಾಡಕರ, ಬೆಳಗಾಂವಕರ, ‘ಎ’ಕಾರದಲ್ಲಿ ಮುಗಿಯುವ ವಿಜಾಪುರೆಯಂಥವು ಅದೇ ಜಾತಿಯವು. ಮರಾಠಿ ಬಳಕೆಯ ನಾಡಿನಲ್ಲಿ ಹೆಸರು ಗಟ್ಟಿಯಾದ್ದರ ಗುರುತು ಅದು. ಸೋಲಾಪುರ, ಸಾಂಗಲಿ, ಇಚಲಕರಂಜಿಗಳಿಗೆ ಹೋದ ಕನ್ನಡ ಮನೆತನಗಳಲ್ಲಿ ಒಂದು ಶಾಖೆಗೆ ‘ಕರ’ ಸೇರಿ ಇನ್ನೊಂದಕ್ಕೆ ಸೇರದೆ ಉಳಿದಿರುವುದುಂಟು. ಹುಡುಕುವಾಗ ಎರಡು ರೂಪಗಳನ್ನೂ ಬರೆದಿಟ್ಟುಕೊಳ್ಳಿ.

ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲಿಕಾರ, ಇನಾಮದಾರ ಇವು ಹುದ್ದೆಯ ಹೆಸರುಗಳು. ಊರೂರಿಗೂ ಒಬ್ಬ ಪಾಟೀಲನಿದ್ದ, ಒಬ್ಬ ಕುಲಕರ್ಣಿ ಇದ್ದ. ಎರಡು ಊರಿನ ಪಾಟೀಲರು ಹೆಸರಿನ ಕಾರಣಕ್ಕೆ ಸಂಬಂಧಿಕರಾಗುವುದಿಲ್ಲ, ಎಷ್ಟೋ ಸಲ ಒಂದೇ ಜಾತಿಯವರೂ ಆಗಿರುವುದಿಲ್ಲ. ಹಿರೇಮಠಕ್ಕೂ ಇದೇ ಮಾತು. ಹಿರೇಮಠವಿರುವ ಪ್ರತಿ ಊರಿನಲ್ಲೂ ಆ ಹೆಸರು ತಾನಾಗಿ ಹುಟ್ಟಿದೆ. ಬಡಿಗೇರ, ಕಂಬಾರ, ಪತ್ತಾರ, ಗಾಣಿಗೇರ, ಹೂಗಾರ, ಬೆಲ್ಲದ, ಮೆಣಸಿನಕಾಯಿ ಎಂಬ ಕಸುಬು ಮತ್ತು ವ್ಯಾಪಾರದ ಹೆಸರುಗಳೂ ಹಾಗೆಯೇ. ಇವುಗಳಲ್ಲಿ ಮೂಲ ಹುಡುಕಬೇಕಾದರೆ ಮನೆದೇವರು, ಬೆಡಗು (ಒಂದೇ ಮೂಲದವರೆಂದು ತಮ್ಮೊಳಗೆ ಹೆಣ್ಣು ತಂದು ಕೊಡದ ಮನೆಗಳ ಗುಂಪು) ಮತ್ತು ಜಮೀನಿನ ದಾಖಲೆಯೇ ದಾರಿ.

ಹೊಸಮನಿ, ಮೇಲಿನಮನಿ, ಕಟ್ಟಿಮನಿ, ಅಗಸಿಮನಿ ಎಂಬುವು ಊರೊಳಗಿನ ಜಾಗದ ಹೆಸರುಗಳು. ಅಗಸಿ ಎಂದರೆ ಊರ ಬಾಗಿಲು. ಅಗಸಿಮನಿಯವರು ಮೂಲ ಊರಿಗೆ ಹೋದರೆ ಹಳೆಯ ಅಗಸಿ ಎಲ್ಲಿತ್ತೆಂದು ಕೇಳಿದರೂ ಸಾಕು, ಹಿರಿಯರು ಮನೆಯ ಪಾಯವನ್ನೇ ತೋರಿಸಬಲ್ಲರು. ಸಣ್ಣ ಹೆಸರು, ಆದರೆ ಇಷ್ಟು ಕರಾರುವಾಕ್ಕಾದ ಗುರುತು ಪಾಟೀಲರಿಗೂ ದೇಸಾಯರಿಗೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಶಾಸನಗಳಲ್ಲಿ ಗಾವುಂಡ, ಸೇನಬೋವ, ತಳಾರ, ಪಟ್ಟಣಸ್ವಾಮಿ ಎಂಬ ಪದಗಳು ಬರುತ್ತವೆ. ಗೌಡ, ಶಾನಭೋಗ, ತಳವಾರ ಎಂಬ ಹೆಸರುಗಳಿಗೆ ಅಲ್ಲಿಂದ ಬೇರು ಕಾಣುತ್ತದೆ. ಅದು ಪದದ ವಯಸ್ಸು, ಮನೆತನದ ವಯಸ್ಸಲ್ಲ. ಊರಿನ ವೀರಗಲ್ಲಿನಲ್ಲಿ ಗಾವುಂಡನ ಹೆಸರು ಕಂಡೊಡನೆ ವಂಶಾವಳಿಯನ್ನು ಅಲ್ಲಿಗೆ ಜೋಡಿಸಬೇಡಿ. ನಡುವೆ ಏಳೆಂಟು ನೂರು ವರ್ಷಗಳ ಕಂದಕವಿರುತ್ತದೆ.

2. ಕಚೇರಿಗೆ ಹೋಗುವ ಮೊದಲು ಮನೆಯಲ್ಲಿ ಕೇಳಿ

ನಮ್ಮ ಮೂಲ ಯಾವುದು ಎಂದು ಹಿರಿಯರನ್ನು ಕೇಳಿದರೆ ‘ಯಾರಿಗೊತ್ತಪ್ಪ’ ಎಂಬ ಉತ್ತರ ಬರುತ್ತದೆ. ಪ್ರಶ್ನೆಯನ್ನು ಆಚರಣೆಯ ಕಡೆಯಿಂದ ಕೇಳಬೇಕು.

ಮನೆದೇವರು ಯಾರು, ಎಲ್ಲಿ, ವರ್ಷಕ್ಕೆ ಯಾವಾಗ ಹೋಗಿಬರುತ್ತೀರಿ? ಮದುವೆಯ ಮೊದಲ ಕಾಯಿ ಯಾವ ದೇವರಿಗೆ? ಯಾವ ಊರಿನ ದ್ಯಾಮವ್ವನಿಗೆ ಉಡಿ ತುಂಬುತ್ತೀರಿ? ಬೆಡಗು ಯಾವುದು, ಯಾವ ಮನೆಗಳ ಜೊತೆ ಹೆಣ್ಣು ತಂದು ಕೊಡುವುದಿಲ್ಲ? ಗುರುಮನೆ ಯಾವ ಮಠ? ಸೂತಕ ಹಿಡಿಯುವ ಮನೆತನವಾದರೆ ಯಾರ ಮನೆಯಲ್ಲಿ ಸಾವಾದರೆ ನಿಮಗೆ ಸೂತಕ? ಮುತ್ತಜ್ಜಿಯ ತವರು ಯಾವುದು, ಅತ್ತೆಯರನ್ನು ಯಾವ ಊರಿಗೆ ಕೊಟ್ಟಿದ್ದಾರೆ?

ಇವುಗಳ ತೂಕ ಒಂದೇ ಅಲ್ಲ. ಮನೆದೇವರು ಸವದತ್ತಿ ಎಲ್ಲಮ್ಮ, ಮೈಲಾರಲಿಂಗ, ಬಾದಾಮಿ ಬನಶಂಕರಿ, ಗೊಡಚಿ ವೀರಭದ್ರ, ಚಿಂಚಲಿ ಮಾಯಕ್ಕ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು, ಆ ದೇವರುಗಳ ಒಕ್ಕಲು ನಾಡಿನ ತುಂಬ ಹರಡಿದೆ. ಹೊರಗಿನವರು ಹೆಸರೇ ಕೇಳದ ಸಣ್ಣ ಹಳ್ಳಿಯ ಬಸವಣ್ಣನೋ ದುರ್ಗಮ್ಮನೋ ಮನೆದೇವರಾಗಿದ್ದರೆ ಅಲ್ಲಿಗೆ ಬೆರಳಿಟ್ಟುಕೊಳ್ಳಿ, ಅದು ಬಹುತೇಕ ಮೂಲ ಊರು, ಇಲ್ಲವೇ ನಡುವೆ ತಂಗಿದ ಊರು. ಊರು ಬಿಟ್ಟು ನೂರು ವರ್ಷವಾದ ಮೇಲೂ ಮೂಲ ಊರಿನ ಗ್ರಾಮದೇವತೆಗೆ ಉಡಿ ಕಳಿಸುವುದನ್ನು ಹೆಂಗಸರು ಬಿಟ್ಟಿರುವುದಿಲ್ಲ. ಗಂಡಸರಿಗೆ ಇದು ಗೊತ್ತೇ ಇರುವುದಿಲ್ಲ. ಹಾಗಾಗಿ ಮೊದಲು ಮಾತಾಡಿಸಬೇಕಾದವರು ಮನೆಯ ಹಿರಿಯ ಸೊಸೆಯಂದಿರು. ಅವರು ಗಂಡನ ಹೆಸರು ಹೇಳುವಾಗ ಹಾಕುವ ಒಡಪುಗಳನ್ನೂ ಬರೆದುಕೊಳ್ಳಿ, ಕೆಲವದರಲ್ಲಿ ಊರು ಬರುತ್ತದೆ.

ಹಿರಿಯರ ಹಬ್ಬದ ದಿನ ಎಡೆ ಇಡುವಾಗ ಯಾವ ಕ್ರಮದಲ್ಲಿ ಹೆಸರು ಹೇಳುತ್ತಾರೆಂದು ಗಮನಿಸಿ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ಹೆಸರು ಗೋತ್ರದ ಸಮೇತ ತಪ್ಪದೆ ಸಿಗುತ್ತವೆ.

3. ಈಗಿನ ಊರಿನ ದಾಖಲೆ

ಶಾಲೆಯಿಂದ ಶುರು ಮಾಡಿ. ಅಜ್ಜ ಕಲಿತ ಸರಕಾರಿ ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜಾತಿ, ಹಿಂದೆ ಕಲಿತ ಶಾಲೆ ಇರುತ್ತವೆ. ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ಉದ್ಧರಣೆ ಕೇಳಿ. ಅಜ್ಜನೊಬ್ಬನದೇ ನೋಡಿ ಬರಬೇಡಿ, ಅವನ ಅಣ್ಣತಮ್ಮಂದಿರ ನಮೂದನ್ನೂ ನೋಡಿ. ಒಬ್ಬನಿಗೆ ‘ಬೀಳಗಿ’ ಎಂದೂ ಇನ್ನೊಬ್ಬನಿಗೆ ‘ಗೌಡರ’ ಎಂದೂ ಬರೆದಿದ್ದರೆ ನೀವು ಅಡ್ಡಹೆಸರು ಗಟ್ಟಿಯಾಗುತ್ತಿದ್ದ ಕಾಲಕ್ಕೇ ಬಂದು ನಿಂತಿದ್ದೀರಿ, ಬಿಟ್ಟುಹೋದ ಹಳೆಯ ಹೆಸರೂ ಕೈಗೆ ಸಿಕ್ಕಿದೆ.

ಆಮೇಲೆ ಜಮೀನು. ಭೂಮಿ ತಂತ್ರಾಂಶದ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಸುಮಾರು 2000ದಿಂದ ಈಚಿನದು. ಅದರ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ನಮೂದುಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿವೆ. ಅರ್ಜಿಯಲ್ಲಿ ಊರು, ಸರ್ವೆ ನಂಬರ್, ಹಿಸ್ಸಾ ನಂಬರ್, ಬೇಕಾದ ವರ್ಷಗಳನ್ನು ಬರೆಯಿರಿ. ಬರೀ ಹೆಸರು ಕೊಟ್ಟು ‘ನಮ್ಮ ಹಿರಿಯರ ದಾಖಲೆ’ ಎಂದರೆ ಯಾರೂ ಹುಡುಕಿಕೊಡಲಾರರು, ಆ ಕಡತಗಳು ಸರ್ವೆ ನಂಬರಿನ ಮೇಲೆ ಕಟ್ಟಿದವು. ಹೆಸರು ತಲೆಮಾರಿಗೊಂದು ರೂಪ ತಾಳುತ್ತದೆ, ಸರ್ವೆ ನಂಬರ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆದ್ದರಿಂದ ಹೆಸರಿನ ಬೆನ್ನು ಹತ್ತುವುದಕ್ಕಿಂತ ಹೊಲದ ಬೆನ್ನು ಹತ್ತುವುದು ಲೇಸು.

ಪ್ರತಿ ನಮೂದಿನಲ್ಲಿ ಜಮೀನು ಹೇಗೆ ಬಂತು ಎಂಬ ಕಾರಣವನ್ನು ಓದಿ. ವಾರಸಾ ಎಂದಿದ್ದರೆ ಸತ್ತವರ ಹೆಸರೂ ವಾರಸುದಾರರ ಪಟ್ಟಿಯೂ ಇರುತ್ತದೆ. ವಾಟ್ನಿ ಎಂದಿದ್ದರೆ ಪಾಲಾದ ಅಣ್ಣತಮ್ಮಂದಿರು ಸಿಗುತ್ತಾರೆ. ಹಿಂದೆ ಸರಿಯುತ್ತ ಸರಿಯುತ್ತ ಒಂದು ಕಡೆ ‘ಖರೀದಿ’ ಎಂದು ಬಂದು, ಕೊಟ್ಟವರು ಬೇರೆ ಮನೆತನದವರಾಗಿದ್ದರೆ, ನಿಮ್ಮವರು ಆ ಊರಿನಲ್ಲಿ ನೆಲ ಕಂಡ ವರ್ಷ ಅದು. ಊರಿಗೆ ಬಂದ ವರ್ಷ ಅದಕ್ಕಿಂತ ಹಿಂದಿನದು. ಬಂದವರು ಮೊದಲು ಕೋರಿನಿಂದಲೋ (ಬೆಳೆಯ ಪಾಲಿಗೆ) ಲಾವಣಿಯಿಂದಲೋ (ಗೇಣಿಗೆ) ಬೇರೆಯವರ ಹೊಲ ಮಾಡಿ ಆಮೇಲೆ ಕೊಂಡಿರುತ್ತಾರೆ. ಖರೀದಿ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಕ್ಕರೆ ಕೊಂಡವನ ವಿಳಾಸ ನೋಡಿ. ‘ಸಾಕಿನ್ ಇಂಥ ಊರು, ಹಾಲಿ ವಸ್ತಿ ಇಂಥ ಊರು’ ಎಂದು ಬರೆದಿದ್ದರೆ ಅರ್ಧ ಕೆಲಸ ಮುಗಿದಂತೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಈಚಿನ ಋಣಭಾರ ಪತ್ರ ಮಾತ್ರ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕಗಳನ್ನೇ ತೆಗೆಸಬೇಕು.

ಬಹಳ ಜನ ನೋಡದೆ ಬಿಡುವ ಮೂರು ಕಡತಗಳಿವೆ. 1974ರ ಭೂಸುಧಾರಣೆ ತಿದ್ದುಪಡಿಯ ಮೇಲೆ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಗಳು ಮತ್ತು ಭೂನ್ಯಾಯ ಮಂಡಳಿಯ ಹೇಳಿಕೆಗಳು ಮೊದಲನೆಯವು. ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದೇವೆ ಎಂದು ಅಜ್ಜನೇ ಹೇಳಿದ ಮಾತು ಅಲ್ಲಿರುತ್ತದೆ. ಎರಡನೆಯದು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ವತನ ಜಮೀನು (ಊರ ಹುದ್ದೆಗೆಂದು ಬಿಟ್ಟಿದ್ದ ಹೊಲ) ಮರುಮಂಜೂರಾದ ಕಡತಗಳು. ಹಕ್ಕು ಸಾಬೀತು ಮಾಡಲು ಮನೆತನದವರು ಕೊಟ್ಟ ವಂಶಾವಳಿ ಅವುಗಳಲ್ಲಿ ಉಳಿದಿದೆ. ಮೂರನೆಯದು ಸಿವಿಲ್ ನ್ಯಾಯಾಲಯದ ಪಾಲಿನ ದಾವೆ. ಅಣ್ಣತಮ್ಮಂದಿರು ಜಗಳವಾಡಿದ್ದು ಮನೆಗೆ ನೋವಿನ ಸಂಗತಿಯಾದರೂ ಎರಡೂ ಕಡೆಯವರು ಒಪ್ಪಿದ ವಂಶಾವಳಿಗಿಂತ ಗಟ್ಟಿ ಕಾಗದ ಇನ್ನೊಂದಿಲ್ಲ.

ಕಡತ ಇಲ್ಲವೆಂಬ ಉತ್ತರ ಬಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಲಿಖಿತ ಉತ್ತರ ಪಡೆಯಿರಿ. ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದೂ ಕೇಳಿ.

4. 1956ರ ಹಿಂದೆ ನಿಮ್ಮ ಊರು ಯಾರದಾಗಿತ್ತು?

ಹಳೆಯ ಕಾಗದ ಎಲ್ಲಿದೆ, ಯಾವ ಭಾಷೆಯಲ್ಲಿದೆ ಎಂಬುದು ಈ ಪ್ರಶ್ನೆಯ ಮೇಲೆ ನಿಂತಿದೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡ ಸೀಮೆಯಲ್ಲಿ ಮೊದಲ ಸರ್ವೆ ನಡೆದದ್ದು 1840ರ ದಶಕದಲ್ಲಿ. 1852ರ ಕಾಯ್ದೆಯಡಿ ಇನಾಂ ಕಮಿಷನ್ ತನಿಖೆ ಮಾಡಿ ಕೊಟ್ಟ ಸನದುಗಳಲ್ಲಿ (ಹಕ್ಕುಪತ್ರಗಳಲ್ಲಿ) ಇನಾಂ ಮೊದಲು ಪಡೆದವನ ಹೆಸರು ಬರುತ್ತದೆ. ಇವು ಬಹುಪಾಲು ಮರಾಠಿ ಭಾಷೆಯವು, ಮೋಡಿ ಲಿಪಿಯವು. ಮೋಡಿ ಓದುವವರ ಕೈಗೆ ಕೊಡುವಾಗ ಕನ್ನಡ ಊರುಗಳ, ಹೆಸರುಗಳ ಪಟ್ಟಿಯನ್ನೂ ಜೊತೆಗೆ ಕೊಡಿ. ಮೋಡಿಯಲ್ಲಿ ಹ್ರಸ್ವ ದೀರ್ಘದ ಭೇದ ಸಡಿಲ, ಕನ್ನಡ ಗೊತ್ತಿಲ್ಲದ ಓದುಗರು ಊರ ಹೆಸರನ್ನು ತಪ್ಪಾಗಿ ಬಿಡಿಸಿಬಿಡುತ್ತಾರೆ. ಪುಣೆಯ ಪುರಾಭಿಲೇಖಾಗಾರದಲ್ಲಿರುವ ಪೇಶ್ವೆ ದಫ್ತರದಲ್ಲಿ ದೇಸಾಯಿ, ದೇಶಪಾಂಡೆ, ಇನಾಂದಾರ ಮನೆತನಗಳಿಗೆ ಏನಾದರೂ ಸಿಗಬಹುದು. ಸಾಮಾನ್ಯ ಒಕ್ಕಲು ಮನೆತನ ಅಲ್ಲಿಗೆ ಹೋಗಿ ದಿನ ಕಳೆಯುವುದು ಬೇಡ.

ಇದರ ನಡುವೆಯೇ ಸಂಸ್ಥಾನಗಳಿದ್ದವು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ತಮ್ಮದೇ ದಫ್ತರ ಇಟ್ಟಿದ್ದವು. ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮೀರಜದ್ದು. ಪಕ್ಕದೂರಿನ ಕಾಗದ ಧಾರವಾಡದಲ್ಲಿ ಸಿಕ್ಕು ನಿಮ್ಮೂರಿನದು ಸಿಗದಿದ್ದರೆ ಕಾರಣ ಇದೇ ಇರುತ್ತದೆ.

ಬೀದರ, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ದಾಖಲೆ ಉರ್ದುವಿನಲ್ಲಿದೆ. ಇಲ್ಲಿ 1954–55ರ ಖಾಸ್ರಾ ಪಹಣಿಯನ್ನು ಮೊದಲು ತೆಗೆಸಿ. ಜಾಗೀರು ಕಳೆದ ಮೇಲೆ ಹೊಲದ ಮೇಲೆ ನಿಜವಾಗಿ ಯಾರಿದ್ದರು ಎಂಬುದು ಅದರಲ್ಲಿ ತಿಳಿಯುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು.

5. ವರ್ಷವನ್ನು ಸರಿಯಾಗಿ ಎಣಿಸುವುದು

ಹಳೆಯ ಕಾಗದದಲ್ಲಿರುವ ಶಕೆಗೆ 78 ಕೂಡಿಸಿದರೆ ಇಸವಿ. ಶಕೆ 1765 ಎಂದರೆ 1843–44. ನಮ್ಮ ಕಡೆಯ ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಬೇಕು, ಮರಾಠಿ ಕಾಗದಗಳ ಸುರಸನ್‌ಗೆ 599. ಹಿಜರಿ ಚಾಂದ್ರಮಾನದ್ದಾದ್ದರಿಂದ ಹೀಗೆ ಕೂಡಿಸಿದರೆ ಆಗದು, ಕೋಷ್ಟಕ ನೋಡಬೇಕು. ಸಂವತ್ಸರದ ಹೆಸರಿನಲ್ಲಿ ಹೆಚ್ಚು ಜನ ಎಡವುತ್ತಾರೆ, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಎಂದರೆ 1816–17 ಆಗಬಹುದು, 1876–77 ಆಗಬಹುದು, 1936–37 ಕೂಡ ಆಗಬಹುದು.

ಹಿರಿಯರು ಇಸವಿ ಹೇಳುವುದಿಲ್ಲ, ‘ಬರದಾಗ ಬಂದ್ವಿ’ ಎನ್ನುತ್ತಾರೆ. ಯಾವ ಬರ ಎಂದು ಬಿಡಿಸಿ ಕೇಳಬೇಕು. ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಹೆಸರಾದ ಡೋಗಿ ಬರ 1791–92ರದು. ಧಾತು, ಈಶ್ವರ ಸಂವತ್ಸರಗಳ ಬರ 1876–78ರದು. ಧಾರವಾಡ, ಬಳ್ಳಾರಿ, ವಿಜಯಪುರದ ಹಳ್ಳಿಗಳು ಬರಿದಾಗಿ ಜನ ದಿಕ್ಕಾಪಾಲಾದದ್ದು ಆಗ. 1896–97ರಲ್ಲೂ 1899–1900ರಲ್ಲೂ ಮತ್ತೆ ಬರ ಬಂತು. ‘ಪ್ಲೇಗಿನಾಗ’ ಎಂದರೆ 1898ರ ಆಸುಪಾಸಿನ ವರ್ಷಗಳು, ಆಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದವರು ಕೆಲವರು ಮರಳಲೇ ಇಲ್ಲ. ತಾಳೆ ನೋಡಲು ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿಯಿರಿ. ಮುತ್ತಜ್ಜ 1905ರ ಸುಮಾರಿಗೆ ಹುಟ್ಟಿ, ಅವನ ಅಪ್ಪನೇ ಬರದಲ್ಲಿ ಬಂದವನೆಂದರೆ ಅದು ಡೋಗಿ ಬರವಾಗಲು ಸಾಧ್ಯವಿಲ್ಲ.

ನೀರಿನಲ್ಲಿ ಮುಳುಗಿದ ಊರಿನ ಹೆಸರಾದರೆ ಧೈರ್ಯಗೆಡಬೇಡಿ. ತುಂಗಭದ್ರಾ, ಆಲಮಟ್ಟಿ ಅಣೆಕಟ್ಟುಗಳ ಭೂಸ್ವಾಧೀನ ಐತೀರ್ಪುಗಳಲ್ಲಿ ಹೊಲ, ಮನೆ, ಬಾವಿ, ಗಿಡಮರಗಳ ಸಮೇತ ಒಡೆಯರ ಹೆಸರು ದಾಖಲಾಗಿದೆ. ಉಳಿದ ಊರುಗಳಿಗಿಂತ ಮುಳುಗಿದ ಊರುಗಳ ಲೆಕ್ಕವೇ ಕೆಲವೊಮ್ಮೆ ಪೂರ್ತಿಯಾಗಿದೆ.

6. ಮೂಲ ಊರು ಯಾವುದು, ಅಲ್ಲಿ ಏನು ಕೇಳಬೇಕು

ಒಂದೇ ಹೆಸರಿನ ಊರುಗಳು ಹಲವಾರು. ಅಡ್ಡಹೆಸರು ಬೀಳಗಿ ಎಂದಿಟ್ಟುಕೊಳ್ಳಿ. ಬಾಗಲಕೋಟೆ ಜಿಲ್ಲೆಯಲ್ಲೊಂದು ಬೀಳಗಿ, ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಇನ್ನೊಂದು ಬಿಳಗಿ. ಕೆರೂರು ಬಾದಾಮಿ ಸೀಮೆಯಲ್ಲೂ ಇದೆ, ಚಿಕ್ಕೋಡಿ ಸೀಮೆಯಲ್ಲೂ ಇದೆ. ಹೊಸೂರು, ಹೊಸಳ್ಳಿಗಳನ್ನಂತೂ ಎಣಿಸಲಾಗದು. ಯಾವುದೆಂದು ತೀರ್ಮಾನಿಸಲು ಮನೆದೇವರು, ಮುತ್ತಜ್ಜಿಯರ ತವರು, ಜಾತಿಯ ವಾಸ್ತವ್ಯ ಈ ಮೂರನ್ನೂ ಒಂದು ನಕ್ಷೆಯಲ್ಲಿ ಗುರುತು ಮಾಡಿ. ಹೆಣ್ಣು ತಂದು ಕೊಟ್ಟ ಹಳೆಯ ಊರುಗಳು ಯಾವ ದಿಕ್ಕಿಗೆ ಸಾಲುಗಟ್ಟುತ್ತವೋ ಬಹುಪಾಲು ಅದೇ ಬಂದ ದಿಕ್ಕು. ಊರು ಬಿಟ್ಟವರು ಮೊದಲ ಎರಡು ತಲೆಮಾರು ಹಿಂದಿನ ಬೀಗರನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಊರಿಗೆ ಹೋದಾಗ ‘ಬೀಳಗಿ ಮನೆತನದವರು ಇದ್ದಾರೆಯೇ’ ಎನ್ನಬೇಡಿ. ‘ಇಂಥ ಬೆಡಗಿನವರು, ಇಂಥ ದೇವರ ಒಕ್ಕಲಿನವರು ಯಾರಿದ್ದಾರೆ? ಅವರಲ್ಲಿ ಒಂದು ಮನೆ ಊರು ಬಿಟ್ಟು ಹೋದ ಮಾತಿದೆಯೇ?’ ಎಂದು ಕೇಳಿ. ಹಾಳುಬಿದ್ದ ಮನೆಯ ಜಾಗಕ್ಕೆ, ಮಾರಿಹೋದ ಹೊಲಕ್ಕೆ ಹಳೆಯ ಒಡೆಯರ ಹೆಸರು ಬಾಯಿಮಾತಿನಲ್ಲಿ ಉಳಿದಿರುತ್ತದೆ. ಗುಡಿಯ ಪೂಜಾರಿಯನ್ನು, ಜಾತ್ರೆಯಲ್ಲಿ ಮಾನ (ಮರ್ಯಾದೆಯ ಹಕ್ಕು) ಯಾರ್ಯಾರಿಗೆ ಎಂಬುದನ್ನು ವಿಚಾರಿಸಿ. ಈಗ ಯಾರೂ ತೆಗೆದುಕೊಳ್ಳದ ಮಾನವೊಂದಿದ್ದರೆ ಅದು ಯಾರದಾಗಿತ್ತೆಂದು ಕೇಳದೆ ಬರಬೇಡಿ. ಆಸ್ತಿಗೆ ಬಂದವರೆಂಬ ಅನುಮಾನ ಮೂಡಿದರೆ ಬಾಯಿ ಮುಚ್ಚುತ್ತದೆ. ಉತಾರದ ಮಾತನ್ನು ಮೊದಲ ದಿನವೇ ಎತ್ತಬಾರದು.

7. ಹೆಳವರು ಮತ್ತು ತೀರ್ಥಕ್ಷೇತ್ರದ ಪುರೋಹಿತರು

ಒಕ್ಕಲು ಮನೆತನಗಳ ವಂಶಾವಳಿಯನ್ನೇ ಕಸುಬಾಗಿ ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕೂತು ಊರೂರು ಸುತ್ತಿ, ಬೆಡಗು, ಮೂಲ ಊರು, ಹಿರಿಯರ ಹೆಸರುಗಳನ್ನು ಹಾಡಿ ಹೇಳಿ, ಕಾಳು, ಬಟ್ಟೆ, ಕೆಲವೊಮ್ಮೆ ದನವನ್ನೇ ಕಾಣಿಕೆಯಾಗಿ ಪಡೆಯುತ್ತಿದ್ದರು. ಯಾವ ಮನೆತನ ಯಾವ ಹೆಳವರ ಪಾಲಿನದೆಂಬುದು ಅವರೊಳಗೆ ಹಂಚಿಕೆಯಾಗಿರುತ್ತದೆ. ಸುಗ್ಗಿ ಮುಗಿದ ಮೇಲೆ ಬರುವುದು ವಾಡಿಕೆ, ಒಮ್ಮೆ ಬಂದವರು ಮತ್ತೆ ಬರಲು ಹಲವು ವರ್ಷ ಹಿಡಿಯಬಹುದು. ಕಾಯುವ ಬದಲು ಊರಿನ ಹಿರಿಯರನ್ನು ಕೇಳಿ ಅವರ ಊರು ತಿಳಿದುಕೊಂಡು ನೀವೇ ಹೋಗಿ, ಅನುಮತಿ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ, ಕಾಣಿಕೆಯನ್ನು ಮರ್ಯಾದೆಯಿಂದ ಕೊಡಿ. ಅವರ ಹೇಳಿಕೆಯ ಆರಂಭದಲ್ಲಿ ಬರುವ ದೊಡ್ಡ ರಾಜರ, ಶರಣರ ಹೆಸರುಗಳನ್ನು ಸ್ತುತಿಯೆಂದು ಬೇರೆ ಬರೆದಿಡಿ. ಈಚಿನ ನಾಲ್ಕು ತಲೆಮಾರಿನ ಹೆಸರುಗಳು ನಿಮ್ಮ ಉತಾರದೊಂದಿಗೆ ಹೊಂದಿದರೆ ಅದರ ಹಿಂದಿನ ಮೂರು ನಾಲ್ಕನ್ನು ನಂಬಬಹುದು. ಅವೇ ಹೊಂದದಿದ್ದರೆ ಬೇರೆ ಶಾಖೆಯ ವಂಶಾವಳಿ ಇರಬೇಕು, ಮತ್ತೊಮ್ಮೆ ಕೇಳಿ.

ಯಾತ್ರೆ ಮಾಡುವ ರೂಢಿಯಿದ್ದ ಮನೆಗಳವರು ನಾಸಿಕ, ತ್ರ್ಯಂಬಕ, ಗಯೆಗಳ ಪುರೋಹಿತರ ವಹಿಗಳನ್ನು (ದಾಖಲೆ ಪುಸ್ತಕಗಳನ್ನು) ನೋಡಬೇಕು. ಹಿಂದೆ ಬಂದು ಹೋದವರ ಹೆಸರು, ಊರು, ಜೊತೆಗಾರರು ಅಲ್ಲಿ ಬರೆದಿರುತ್ತಾರೆ, ಕೆಲವೆಡೆ ಸಹಿಯೂ ಇದೆ. ಈಗಿನ ಊರು ಹೇಳಿದರೆ ಸಿಗದು, ಮೂಲ ಊರು ಹೇಳಿ.

8. ಸರಿಯಾಗಿ ಹಿಡಿದ ದಾರಿ ತಪ್ಪುವುದು ಎಲ್ಲಿ

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯಿಂದ ಬಸಪ್ಪ ಶಿವಪ್ಪ, ಶಿವಪ್ಪ ಬಸಪ್ಪ, ಮತ್ತೆ ಬಸಪ್ಪ ಶಿವಪ್ಪ ಎಂದು ಸರಪಳಿ ಬೆಳೆಯುತ್ತದೆ. ಇಬ್ಬರು ಬಸಪ್ಪರನ್ನು ಒಬ್ಬನೆಂದು ತಿಳಿದರೆ ಎರಡು ತಲೆಮಾರು ಮಾಯವಾಗುತ್ತದೆ. ಪ್ರತಿ ಹೆಸರಿನ ಮುಂದೆ ತಂದೆ, ಹೆಂಡತಿ, ಸರ್ವೆ ನಂಬರ್, ವರ್ಷ ನಾಲ್ಕನ್ನೂ ಬರೆದರೆ ಈ ತಪ್ಪು ಆಗದು.

ದತ್ತಕ ಹೋದವನೂ ಮನೆ ಅಳಿಯನಾಗಿ ಬಂದವನೂ ಹೊಸ ಮನೆತನದ ಅಡ್ಡಹೆಸರನ್ನೇ ಹೊತ್ತಿರುತ್ತಾರೆ. ಅಡ್ಡಹೆಸರು ಒಂದು, ಬೆಡಗು ಇನ್ನೊಂದು ಎಂದು ಕಂಡರೆ ಇದನ್ನೇ ಶಂಕಿಸಿ, ದತ್ತಕ ಪತ್ರ ಹುಡುಕಿ.

ಈ ಕ್ರಮ ಕರಾವಳಿಯಲ್ಲಿ ಹಾಗೇ ನಡೆಯದು. ಅಳಿಯಸಂತಾನದ ಮನೆಗಳಲ್ಲಿ ಬಳಿ (ಅಲ್ಲಿನ ಬೆಡಗು) ಬರುವುದು ತಾಯಿಯ ಕಡೆಯಿಂದ. ಶೆಟ್ಟಿ, ರೈ, ಆಳ್ವ ಎಂಬ ಹೆಸರಿನ ಹಿಂದೆ ಹೋಗದೆ ತಾಯಿ, ಅಜ್ಜಿ, ಅವಳ ತಾಯಿ ಎಂದು ಗುತ್ತಿನ ಮನೆಯವರೆಗೆ ಹೋಗಬೇಕು. ಗೋವೆಯಿಂದ ಬಂದ ಕ್ರೈಸ್ತ ಮನೆತನಗಳಲ್ಲಿ ಡಿಸೋಜ, ಪಿಂಟೊ ಮೊದಲಾದವು ದೀಕ್ಷಾಸ್ನಾನದ ಹೊತ್ತಿಗೆ ಬಂದ ಪೋರ್ಚುಗೀಸ್ ಹೆಸರುಗಳು, ಒಂದೇ ಹೆಸರಿನವರೆಲ್ಲ ಒಂದೇ ಕುಟುಂಬದವರಲ್ಲ. ಅಲ್ಲಿ ಚರ್ಚಿನ ರಿಜಿಸ್ಟರೇ ಆಧಾರ, 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯಿಂದಾಗಿ ಸರಪಳಿ ತುಂಡಾಗಿರುವ ಮನೆಗಳು ಬಹಳ. ಹಳೆ ಮೈಸೂರಿನವರಿಗೆ ಅಡ್ಡಹೆಸರಿಲ್ಲದಿದ್ದರೂ ಇನಿಷಿಯಲ್ ಇದೆ. ಅಜ್ಜನ ಹೆಸರಿನ ಮೊದಲ ಅಕ್ಷರ ಊರಿನದಾಗಿದ್ದರೆ ಇದೇ ಕೆಲಸ ಅಲ್ಲಿಂದ ಶುರುವಾಗುತ್ತದೆ.

9. ಬರೆದಿಡುವುದು

ದೊಡ್ಡ ಹಾಳೆಯ ಮೇಲೆ ವಂಶಾವಳಿ ಬರೆಯುವಾಗ ಮೂರು ಬಣ್ಣ ಬಳಸಿ. ಕಾಗದದಲ್ಲಿ ಕಂಡದ್ದು ಕಪ್ಪು, ಇಬ್ಬರು ಬೇರೆ ಬೇರೆಯಾಗಿ ಹೇಳಿ ಹೊಂದಿದ್ದು ನೀಲಿ, ಒಬ್ಬರೇ ಹೇಳಿದ್ದು ಕೆಂಪು. ಕೆಂಪು ನೀಲಿಯಾಗುವವರೆಗೆ ಯಾರಿಗೂ ಖಚಿತವೆಂದು ಹೇಳಬೇಡಿ. ಹೆಣ್ಣುಮಕ್ಕಳ ಹೆಸರು, ತವರು, ಕೊಟ್ಟ ಊರುಗಳನ್ನು ಬಿಡದೆ ಸೇರಿಸಿ. ಮುಂದಿನವರಿಗೆ ದಿಕ್ಕು ಗೊತ್ತಾಗುವುದು ಅದರಿಂದಲೇ. ಹೇಳಿದವರ ಹೆಸರು ಮತ್ತು ದಿನಾಂಕವನ್ನು ಬದಿಯಲ್ಲಿ ಬರೆಯಿರಿ. ಪ್ರತಿಗಳನ್ನು ಮೂಲ ಊರಿನ ಅಣ್ಣತಮ್ಮಂದಿರಿಗೆ ಕೊಡಿ, ಹೆಳವರು ಮನೆಗೆ ಬಂದಾಗ ಅವರ ಮುಂದೆ ಓದಿ ಹೇಳಿ. ಹೊಸದಾಗಿ ಹುಟ್ಟಿದವರ ಹೆಸರನ್ನು ಅವರ ವಹಿಗೂ ಸೇರಿಸಿಸಿ.